ಲಂಡನ್ನಿನ ಒಂದು ಬರೋ ಕೌನ್ಸಿಲ್ ಎಲೆಕ್ಷನ್ ಇತಿಹಾಸ ಬರೆಯೋದು ಹೇಗೆ

ಮೊದ್ಲು ಒಂದೇ ಒಂದು ಬರೋ (ತನ್ನದೇ ಕೌನ್ಸಿಲ್ ಇರೋ ಸ್ಥಳೀಯ ಆಡಳಿತ ಪ್ರದೇಶ) ಆರಿಸ್ಕೊಳ್ಳಿ. ಲಂಡನ್ನಲ್ಲಿ 32 ಇವೆ, ಸಿಟಿ ಆಫ್ ಲಂಡನ್ ಬೇರೆ ವ್ಯವಸ್ಥೆ, ಅದನ್ನ ಇದರ ಜೊತೆ ಸೇರಿಸ್ಬೇಡಿ.

ಆಮೇಲೆ ವರ್ಷಗಳ ಪಟ್ಟಿ. ಈ ಕೌನ್ಸಿಲ್‌ಗಳು ಅಧಿಕಾರಕ್ಕೆ ಬಂದಿದ್ದು 1965ರ ಏಪ್ರಿಲ್ 1ಕ್ಕೆ, ಆದ್ರೆ ಮೊದಲ ಎಲೆಕ್ಷನ್ ನಡೆದಿದ್ದು 1964ರ ಮೇ 7ಕ್ಕೇ, ಹಾಗಾಗಿ ಪಟ್ಟಿ 1964ರಿಂದ ಶುರುವಾಗ್ಬೇಕು. ಮುಂದೆ 1968, 1971, 1974, 1978, ಅಲ್ಲಿಂದ ನಾಲ್ಕು ವರ್ಷಕ್ಕೊಂದು. 1967ರಲ್ಲಿ ಆಗ್ಬೇಕಿದ್ದನ್ನ ಒಂದು ವರ್ಷ ಮುಂದೂಡಿದ್ರು, ಅದಕ್ಕೇ ಅಲ್ಲಿ ಅಂತರ ಬೇರೆ ಇದೆ.

1964ಕ್ಕಿಂತ ಹಿಂದಿನದು ಬೇಡ ಅಂತ ಬಿಡ್ಬೇಡಿ ದಯವಿಟ್ಟು. ನಗರದ ಒಳಭಾಗದಲ್ಲಿ 1900ರಿಂದಲೇ 28 ಹಳೇ ಬರೋಗಳಿದ್ವು. ಸ್ಟೆಪ್ನಿ, ಪಾಪ್ಲರ್, ಬೆತ್ನಲ್ ಗ್ರೀನ್ ಮೂರೂ ಸೇರಿ ಈಗಿನ ಟವರ್ ಹ್ಯಾಮ್ಲೆಟ್ಸ್ ಬರೋ ಆಯ್ತು. 1921ರಲ್ಲಿ ಬಡವರ ಮೇಲಿನ ತೆರಿಗೆ ಹೊರೆ ಅನ್ಯಾಯ ಅಂತ ಅಲ್ಲಿನ ಲೇಬರ್ ಪಕ್ಷದ ಮುಖಂಡ ಜಾರ್ಜ್ ಲ್ಯಾನ್ಸ್‌ಬರಿ ಸೇರಿ ಪಾಪ್ಲರ್‌ನ 30 ಕೌನ್ಸಿಲರ್‌ಗಳು ಜೈಲಿಗೆ ಹೋದ್ರು, ಆ ಜನರನ್ನ ಬಿಟ್ಟು ಟವರ್ ಹ್ಯಾಮ್ಲೆಟ್ಸ್ ಕಥೆ ಹೇಳೋಕೆ ನನಗಂತೂ ಮನಸ್ಸು ಬರಲ್ಲ.

ಈಗ ವೋಟಿನ ಲೆಕ್ಕ, ಹೆಚ್ಚು ಜನ ಎಡವೋದು ಇಲ್ಲೇ. ತುಂಬಾ ವಾರ್ಡ್‌ಗಳಲ್ಲಿ ಮೂರು ಸೀಟು ಇರುತ್ತೆ, ಒಬ್ಬ ಮತದಾರ ಮೂರು ವೋಟು ಹಾಕ್ಬಹುದು. ಒಂದು ಪಕ್ಷದ ಮೂವರಿಗೆ 1200, 1150, 1120 ಬಿತ್ತು, ಇನ್ನೊಂದರ ಮೂವರಿಗೆ 1100, 1080, 1050 ಬಿತ್ತು ಅಂದ್ಕೊಳ್ಳಿ. ಎಲ್ಲಾ ಕೂಡಿಸಿ ಇಷ್ಟು ಜನ ವೋಟ್ ಹಾಕಿದ್ರು ಅಂತ ಬರೆದ್ರೆ ಒಬ್ಬನನ್ನೇ ಮೂರು ಸಲ ಎಣಿಸಿದ ಹಾಗೆ. ಪ್ರತಿ ಪಕ್ಷದಲ್ಲಿ ಅತಿ ಹೆಚ್ಚು ಪಡೆದವರನ್ನ ಮಾತ್ರ ತಗೊಂಡು ಹೋಲಿಸಿ, ಅಂದ್ರೆ 1200 ಮತ್ತು 1100, ಮತ್ತೆ ಪ್ರತಿ ವರ್ಷಕ್ಕೂ ಅದೇ ವಿಧಾನ ಇಟ್ಕೊಳ್ಳಿ. ಗಮನಿಸಿ, 100 ವೋಟಿನ ಅಂತರಕ್ಕೆ ಮೂರೂ ಸೀಟು ಒಂದೇ ಕಡೆ ಹೋಯ್ತು. 2010ರಲ್ಲಿ ನ್ಯೂಹ್ಯಾಮ್‌ನಲ್ಲಿ 60ಕ್ಕೆ 60 ಸೀಟೂ ಲೇಬರ್‌ಗೆ ಸಿಕ್ಕಿದ್ದು ಈ ಪದ್ಧತಿಯಲ್ಲೇ, ಬೇರೆ ಪಕ್ಷಗಳಿಗೆ ವೋಟ್ ಹಾಕಿದವರ ಪರವಾಗಿ ಮಾತಾಡೋಕೆ ಒಬ್ಬರೂ ಇರ್ಲಿಲ್ಲ. ಅದಕ್ಕೇ ಸೀಟಿನ ಪಕ್ಕದಲ್ಲಿ ವೋಟಿನ ಪಾಲು ಬರೀಲೇಬೇಕು ಅಂತೀನಿ.

1978ಕ್ಕಿಂತ ಹಿಂದೆ ಆಲ್ಡರ್‌ಮನ್ ಅಂತ ಇದ್ರು, ಅವರನ್ನ ಜನ ಅಲ್ಲ, ಕೌನ್ಸಿಲರ್‌ಗಳೇ ಆರಿಸ್ತಿದ್ರು, ಆರು ಕೌನ್ಸಿಲರ್‌ಗೆ ಒಬ್ಬರು. ಅವರಿಗೊಂದು ಬೇರೆ ಕಾಲಂ ಮಾಡಿ.

ವಾರ್ಡ್ ಹೆಸರು ಅದೇ ಇದೆ ಅಂತ ನಂಬ್ಬೇಡಿ, ಗಡಿ ಬದಲಾಗಿರ್ಬಹುದು. 1978 ಮತ್ತು 2002ರ ಎಲೆಕ್ಷನ್‌ಗಳಲ್ಲಿ ಗಡಿಗಳು ಹೊಸದಾಗಿದ್ವು, ಅಲ್ಲಿ ಒಂದು ಗೆರೆ ಎಳೆದು ಆಚೆ ಈಚೆ ಬೇರೆ ಬೇರೆಯಾಗಿ ಓದಿ.

ಕೊನೇಗೆ ಏರಿಳಿತದ ಕಾರಣ ಹುಡುಕುವಾಗ ಊರಿನ ವಿಷಯ ಎಷ್ಟು, ದೇಶದ ಗಾಳಿ ಎಷ್ಟು ಅಂತ ನೋಡಿ. 1968ರಲ್ಲಿ ಕನ್ಸರ್ವೇಟಿವ್‌ಗೆ 28 ಬರೋ ಸಿಕ್ತು, ಮೂರೇ ವರ್ಷಕ್ಕೆ ಲೇಬರ್ 21 ಗೆದ್ಕೊಳ್ತು, ಅಷ್ಟೂ ಕಡೆ ಲೋಕಲ್ ಕಾರಣ ಇರೋಕೆ ಸಾಧ್ಯ ಇಲ್ಲ. ಆದ್ರೆ ವೆಸ್ಟ್‌ಮಿನ್‌ಸ್ಟರ್ ಬರೋ 1964ರಿಂದ ಕನ್ಸರ್ವೇಟಿವ್ ಪಕ್ಷದ ಕೈಯಲ್ಲೇ ಇದ್ದು 2022ರಲ್ಲಿ ಮೊದಲ ಸಲ ಲೇಬರ್‌ಗೆ ಬಂತಲ್ಲ, ಅಂಥದ್ದಕ್ಕೆ ವಾರ್ಡ್ ವಾರ್ಡ್ ಕೂತು ನೋಡ್ಬೇಕು. 2010ರ ಮತದಾನ ಪ್ರಮಾಣವನ್ನ ಮಾತ್ರ 2006ರ ಜೊತೆ ನೇರವಾಗಿ ಹೋಲಿಸ್ಬೇಡಿ, ಆ ದಿನ ಪಾರ್ಲಿಮೆಂಟ್ ಎಲೆಕ್ಷನ್ನೂ ಇತ್ತು.