ಫಾರ್ವರ್ಡ್ ಆಗಿ ಬಂದ ಫೋಟೊ ಹಳೆಯದೇ? ಪತ್ತೆ ಹಚ್ಚುವುದು ಹೀಗೆ

ನೀರು ತುಂಬಿದ ಹೆದ್ದಾರಿ, ಕಾರಿನ ಪಕ್ಕದಲ್ಲೇ ಈಜುತ್ತಿರುವ ಶಾರ್ಕ್. ಈ ಫೋಟೊವನ್ನು ನೀವೂ ನೋಡಿರಬಹುದು. 2011ರಲ್ಲಿ ಐರೀನ್ ಚಂಡಮಾರುತದ ಹೊತ್ತಿಗೆ ಪೋರ್ಟೊರಿಕೊದ್ದು ಎಂದು ಹರಿದಾಡಿತು. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಅದೇ ಫೋಟೊ ಹ್ಯೂಸ್ಟನ್‌ನದು ಎನಿಸಿಕೊಂಡಿತು. ವಾಸ್ತವದಲ್ಲಿ ಆ ಶಾರ್ಕ್ ಇದ್ದದ್ದು ದಕ್ಷಿಣ ಆಫ್ರಿಕಾದ ಕಡಲಲ್ಲಿ. ಕಯಾಕ್ ದೋಣಿಯ ಬೆನ್ನು ಹತ್ತಿದ್ದ ಅದನ್ನು ಛಾಯಾಗ್ರಾಹಕ ಥಾಮಸ್ ಪೆಶಾಕ್ 2003ರಲ್ಲಿ ಸೆರೆಹಿಡಿದಿದ್ದರು. ಯಾರೋ ಶಾರ್ಕನ್ನಷ್ಟೇ ಕತ್ತರಿಸಿ ಹೆದ್ದಾರಿಗೆ ಅಂಟಿಸಿದರು.

ಇಂಥದ್ದನ್ನು ಹಿಡಿಯಲು ಮೊಬೈಲ್ ಮತ್ತು ಹತ್ತು ನಿಮಿಷ ಇದ್ದರೆ ಸಾಕು. ಆದರೂ ಬಹಳ ಮಂದಿ ಎಡವುತ್ತಾರೆ. ಚಿತ್ರವನ್ನು, ಚಿತ್ರದಿಂದಲೇ ಜಾಲದಲ್ಲಿ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ, ಮೇಲಿನ ನಾಲ್ಕು ಫಲಿತಾಂಶ ನೋಡಿ, 'ಹಳೆಯದು ಸಿಗಲಿಲ್ಲ, ಹೊಸದೇ ಇರಬೇಕು' ಎಂದು ನಿರ್ಧರಿಸಿಬಿಡುತ್ತಾರೆ. ಹಳೆಯ ಪ್ರತಿ ಸಿಕ್ಕಿದರೆ ಫೋಟೊ ಹೊಸದಲ್ಲ ಎಂಬುದು ಖಾತ್ರಿ. ಸಿಗದಿದ್ದರೆ ಯಾವುದೂ ಸಾಬೀತಾಗುವುದಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದುವರಿಯಿರಿ.

ಮೊದಲು ಕತ್ತರಿಸಿ, ಆಮೇಲೆ ಹುಡುಕಿ

ಸ್ಕ್ರೀನ್‌ಶಾಟನ್ನು ಹಾಗೇ ಹಾಕಬೇಡಿ. ಮೇಲಿನ ಬ್ಯಾಟರಿ ಪಟ್ಟಿ, ಕೆಳಗಿನ ಬಟನ್‌ಗಳು, ಯಾರೋ ಸೇರಿಸಿದ ಕೆಂಪು ಬಾಣ, ದಪ್ಪಕ್ಷರದ ಬರಹ ಎಲ್ಲವನ್ನೂ ಕ್ರಾಪ್ ಮಾಡಿ ತೆಗೆಯಿರಿ. ಇಲ್ಲವಾದರೆ ಹುಡುಕು ಯಂತ್ರ ಚಿತ್ರವನ್ನು ಬಿಟ್ಟು ಆ ಬರಹದ ಹಿಂದೆಯೇ ಹೋಗುತ್ತದೆ.

ಪೂರ್ತಿ ಚಿತ್ರದಿಂದ ಫಲ ಸಿಗದಿದ್ದರೆ ಒಂದು ಅಂಗಡಿ ಫಲಕ, ಸೇತುವೆಯ ಕಂಬ ಅಥವಾ ಗೋಪುರದಷ್ಟನ್ನೇ ಕತ್ತರಿಸಿ ಬೇರೆಯಾಗಿ ಹುಡುಕಿ. ಶಾರ್ಕ್ ಚಿತ್ರದಂಥ ಅಂಟುಜೋಡಣೆಯ ಗುಟ್ಟು ರಟ್ಟಾಗುವುದು ಹೀಗೆಯೇ. ಫಲಕದ ಅಕ್ಷರಗಳು ತಿರುಗುಮುರುಗಾಗಿದ್ದರೆ ಯಾರೋ ಚಿತ್ರವನ್ನು ಎಡಬಲ ಮಗುಚಿದ್ದಾರೆ ಎಂದರ್ಥ. ಗ್ಯಾಲರಿಯ ಎಡಿಟ್‌ನಲ್ಲಿರುವ ಫ್ಲಿಪ್ ಒತ್ತಿ ಮತ್ತೆ ಹುಡುಕಿ.

ವಿಡಿಯೊ ಆದರೆ ಅಲುಗಾಡದ ಮೂರ್ನಾಲ್ಕು ಕ್ಷಣಗಳಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಉಳಿದದ್ದೆಲ್ಲ ಇದೇ ರೀತಿ.

ಎರಡು ಕಡೆ ಹುಡುಕಿ

ಗೂಗಲ್ ಆ್ಯಪ್‌ನ ಹುಡುಕು ಪಟ್ಟಿಯಲ್ಲಿರುವ ಕ್ಯಾಮೆರಾ ಗುರುತು ಒತ್ತಿ ಫೋಟೊ ಕೊಡಿ. ಲೆನ್ಸ್ ಮೊದಲು ತೋರಿಸುವುದು ಬಹುಮಟ್ಟಿಗೆ 'ಇದೇ ತರಹದ' ಚಿತ್ರಗಳನ್ನು. ನಿಮಗೆ ಬೇಕಿರುವುದು 'ಎಕ್ಸಾಕ್ಟ್ ಮ್ಯಾಚಸ್' ವಿಭಾಗ. ಆಮೇಲೆ ಚಿತ್ರದಿಂದಲೇ ಹುಡುಕುವ ಇನ್ನೊಂದು ಸಾಧನವಾದ ಟಿನ್‌ಐ ತಾಣಕ್ಕೆ ಹೋಗಿ, ಫಲಿತಾಂಶಗಳನ್ನು ಹಳೆಯದು ಮೊದಲು ಬರುವಂತೆ ಜೋಡಿಸಿ. ಅದರ ಸಂಗ್ರಹ ಗೂಗಲ್‌ನಷ್ಟು ದೊಡ್ಡದಲ್ಲ. ಆದರೆ ಹಳೆಯದನ್ನು ಮೇಲೆ ತರುವ ಆ ಒಂದು ಸೌಲಭ್ಯಕ್ಕಾಗಿಯೇ ನನ್ನ ಮೆಚ್ಚಿನ ಸಾಧನ ಅದು. ಈ ಕೆಲಸಕ್ಕೆಂದು ಬೇರೆ ಆ್ಯಪ್ ಹಾಕಿಕೊಳ್ಳಲೇಬೇಡಿ. ಬ್ರೌಸರ್‌ನಲ್ಲೇ ಆಗುವ ಕೆಲಸಕ್ಕೆ ನಿಮ್ಮ ಇಡೀ ಗ್ಯಾಲರಿಯ ಅನುಮತಿ ಕೇಳುವವರಿಗೆ ಅದನ್ನು ಕೊಡಬೇಕಾಗಿಲ್ಲ.

ದಿನಾಂಕ ಓದುವುದೇ ಕಷ್ಟದ ಕೆಲಸ

ಎಚ್ಚರ ತಪ್ಪುವುದು ಇಲ್ಲಿಯೇ. ಟಿನ್‌ಐ ತೋರಿಸುವ ದಿನಾಂಕ ಫೋಟೊ ತೆಗೆದ ದಿನವಲ್ಲ. ಅದರ ಯಂತ್ರ ಆ ಚಿತ್ರವನ್ನು ಜಾಲದಲ್ಲಿ ಮೊದಲು ಕಂಡ ದಿನ. '2016' ಎಂದಿದ್ದರೆ ಫೋಟೊ 2016ರದ್ದೋ ಅದಕ್ಕಿಂತ ಹಳೆಯದೋ ಇರಬೇಕು, ಅಷ್ಟೇ.

ಗೂಗಲ್ ಫಲಿತಾಂಶದಲ್ಲಿ ಕಾಣುವ ದಿನಾಂಕ ಆ ಪುಟದ್ದು, ಚಿತ್ರದ್ದಲ್ಲ. 2015ರ ಸುದ್ದಿಯ ಪುಟವೇ ಆಗಿದ್ದರೂ ಪಕ್ಕದ ಅಂಕಣದಲ್ಲಿ ಇವತ್ತಿನ ಸುದ್ದಿಯ ಚಿತ್ರ ಕುಳಿತಿರುತ್ತದೆ. ಅದನ್ನು ನೋಡಿ 'ಹಳೇ ಫೋಟೊ' ಎಂದರೆ ಸತ್ಯವನ್ನೇ ಸುಳ್ಳೆಂದಂತಾಗುತ್ತದೆ. ಪುಟ ತೆರೆಯಿರಿ. ಚಿತ್ರ ಸುದ್ದಿಯ ಒಡಲಲ್ಲೇ ಇದೆಯೇ, ಕೆಳಗಿನ ಅಡಿಬರಹ ಏನು ಹೇಳುತ್ತದೆ ಎಂದು ನೋಡಿ. 'ಸಂಗ್ರಹ ಚಿತ್ರ' ಅಥವಾ 'ಸಾಂದರ್ಭಿಕ ಚಿತ್ರ' ಎಂದಿದ್ದರೆ ಆ ಫೋಟೊಗೂ ಸುದ್ದಿಯ ದಿನಕ್ಕೂ ಸಂಬಂಧವಿಲ್ಲ; ಇನ್ನೂ ಹಿಂದಕ್ಕೆ ಹುಡುಕಬೇಕು. ಪುಟವನ್ನು ಆಮೇಲೆ ತಿದ್ದಿರುವ ಅನುಮಾನ ಬಂದರೆ ಅದರ ವಿಳಾಸವನ್ನು, ಜಾಲಪುಟಗಳ ಹಳೆಯ ಪ್ರತಿಗಳನ್ನು ಉಳಿಸಿಡುವ ತಾಣವಾದ ವೇಬ್ಯಾಕ್ ಮಷಿನ್‌ಗೆ ಕೊಡಿ. ಅಲ್ಲಿ ಹಳೆಯ ಪ್ರತಿ ಉಳಿದಿದ್ದರೆ ಚಿತ್ರ ಆಗಲೂ ಇತ್ತೇ ಎಂಬುದು ಗೊತ್ತಾಗುತ್ತದೆ.

ಇನ್ನು 04/07/2019 ಎಂಬಂಥ ಬರವಣಿಗೆ. ನಮಗೆ ಅದು ಜುಲೈ 4, ಅಮೆರಿಕದವರಿಗೆ ಏಪ್ರಿಲ್ 7. ತಾಣ ಯಾವ ದೇಶದ್ದು ಎಂದು ನೋಡಿಯೇ ಲೆಕ್ಕ ಹಾಕಿ. ಬೇರೆ ದೇಶದ ಘಟನೆಯಾದರೆ ಒಂದು ದಿನದ ಹೆಚ್ಚುಕಡಿಮೆ ಕಂಡರೂ ಗಾಬರಿ ಬೇಡ. ಅಲ್ಲಿ ರಾತ್ರಿ ನಡೆದದ್ದು ಇಲ್ಲಿ ಮರುದಿನವಾಗಿರಬಹುದು.

'ಎಐ ಚಿತ್ರವೇ ಎಂದು ಹೇಳುತ್ತೇವೆ' ಎನ್ನುವ ತಾಣಗಳು ಕೊಡುವ ಶೇಕಡಾವಾರು ಅಂಕಿಯನ್ನು ಪುರಾವೆ ಎಂದು ಹಿಡಿಯಬೇಡಿ. ಚಿತ್ರವನ್ನು ಕುಗ್ಗಿಸಿದರೆ, ಮತ್ತೆ ಮತ್ತೆ ಫಾರ್ವರ್ಡ್ ಮಾಡಿದರೆ ಅದೇ ಚಿತ್ರಕ್ಕೆ ಬೇರೆಯೇ ಅಂಕಿ ಬರಬಹುದು.

ಏನೂ ಸಿಗದಿದ್ದರೆ

ಸುಳ್ಳೆಂದು ಸಾರಲು ಅವಸರ ಬೇಡ. 2022ರ ಇಯನ್ ಚಂಡಮಾರುತದಲ್ಲಿ ಫ್ಲಾರಿಡಾದ ಫೋರ್ಟ್ ಮೈಯರ್ಸ್‌ನ ಹಿತ್ತಲೊಂದರ ನೀರಿನಲ್ಲಿ ಶಾರ್ಕ್‌ನಂಥ ಮೀನು ಈಜುವ ವಿಡಿಯೊ ಬಂದಾಗ 'ಮತ್ತದೇ ಶಾರ್ಕ್' ಎಂದು ಎಷ್ಟೋ ಜನ ತಳ್ಳಿಹಾಕಿದ್ದರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಮೂಲ ಫೈಲಿನ ವಿವರ ಪರಿಶೀಲಿಸಿದಾಗ ಅದು ನಿಜವೆಂದು ತಿಳಿಯಿತು.

ನೀವೂ ಮೂಲ ಫೈಲನ್ನೇ ಕೇಳಿ. ಕಳಿಸಿದವರನ್ನು 'ನೀವೇ ತೆಗೆದಿದ್ದಾ?' ಎಂದು ಕೇಳಿ. ಅಲ್ಲ ಎಂದರೆ ಅವರಿಗೆ ಕಳಿಸಿದವರನ್ನು ಕೇಳಿಸಿ. ತೆಗೆದವರೇ ಸಿಕ್ಕರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬೇಡ, 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಫೋಟೊ ಆಗಿ ಕಳಿಸಿದರೆ ತೆಗೆದ ದಿನಾಂಕ, ಕ್ಯಾಮೆರಾ, ಸ್ಥಳದ ಮಾಹಿತಿ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆದರೆ ಉಳಿಯುತ್ತದೆ. ಫೈಲಿನ ವಿವರದಲ್ಲಿ ಸಿಕ್ಕ ದಿನಾಂಕವನ್ನೂ ಆ ದಿನದ ಹವಾಮಾನದ ಜೊತೆ ತಾಳೆ ನೋಡಿ. ಕ್ಯಾಮೆರಾದ ಗಡಿಯಾರವೇ ತಪ್ಪಿದ್ದರೆ ಫೈಲಿನಲ್ಲೂ ತಪ್ಪು ದಿನವೇ ದಾಖಲಾಗಿರುತ್ತದೆ.