ಹಾರ ಶಾಸಕರಿಗೆ, ಅಂದಾಜುಪಟ್ಟಿ ಎಸ್‌ಡಿಎಂಸಿಗೆ

ಸರ್ಕಾರಿ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹಾಳಾಗುವುದು ಬಹುಪಾಲು ರಚನೆಯ ದಿನವೇ. ಊರಿನ ಮುಖಂಡರ ಮನೆಯಲ್ಲಿ ಹೆಸರುಗಳ ಪಟ್ಟಿ ಸಿದ್ಧವಾಗಿ, ಮುಖ್ಯ ಶಿಕ್ಷಕರ ಟೇಬಲ್‌ಗೆ ಬಂದು, ಮನೆಮನೆಗೆ ಸಹಿಗೆ ಓಡಾಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟಾರೆ ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಸಮುದಾಯಗಳ ಪೋಷಕರಿಗೆ ಸಂಖ್ಯೆಗೆ ತಕ್ಕ ಪಾಲು ಸಿಗಬೇಕು. ಪಟ್ಟಿ ಮಾಡುವವರಿಗೆ ಈ ಲೆಕ್ಕ ಚೆನ್ನಾಗಿಯೇ ಗೊತ್ತು. ಮಹಿಳೆಯರ ಹೆಸರು ಇರುತ್ತದೆ, ಸಭೆಗೆ ಗಂಡಂದಿರು ಬರುತ್ತಾರೆ.

ಹಾಗಾಗಿ ನಾನು ಮೊದಲು ಹಿಡಿಯುವುದು ದಾಖಲಾತಿ ರಿಜಿಸ್ಟರನ್ನು. ಸಮಿತಿಯನ್ನು ಆರಿಸುವವರು ಪೋಷಕರು, ಹಾಗಾಗಿ ಅದೇ ಮತದಾರರ ಪಟ್ಟಿ. ಸಭೆಯ ನೋಟಿಸ್ ಒಂದು ವಾರ ಮೊದಲೇ ಮಕ್ಕಳ ಕೈಗೂ ಪಂಚಾಯ್ತಿ ಬೋರ್ಡ್‌ಗೂ ಹೋಗಬೇಕು. ಕೂಲಿಗೆ ಹೋಗುವವರು ಹಗಲು ಬರಲಾರರು. ಸಂಜೆ ಇಟ್ಟರೆ ತಾಯಂದಿರೂ ಬರುತ್ತಾರೆ. ಅಧ್ಯಕ್ಷರ ಮಗು ಕೆಳಗಿನ ತರಗತಿಯಲ್ಲಿದ್ದರೆ ಒಳ್ಳೆಯದು. ಕೊನೆಯ ತರಗತಿಯ ಮಗು ಟಿ.ಸಿ. ತೆಗೆದುಕೊಂಡರೆ ಅಧ್ಯಕ್ಷಗಿರಿಯೂ ಹೋಗುತ್ತದೆ, ನಡುವೆ ಮತ್ತೆ ಎಳೆದಾಟ.

ಇನ್ನು 22ನೇ ಸೆಕ್ಷನ್ ಹೇಳುವ ಶಾಲಾ ಅಭಿವೃದ್ಧಿ ಯೋಜನೆ. ಮಾರ್ಚ್ ಬರುವವರೆಗೆ ಕಾಯದೆ ಡಿಸೆಂಬರ್ ಒಳಗೇ ಮುಗಿಸಬೇಕು. ‘ಶಿಕ್ಷಕರು ಸಾಲದು’ ಎಂದು ಬರೆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಅದು ಕಡತದಲ್ಲೇ ಮಲಗುತ್ತದೆ. ಕಾಯ್ದೆಯ ಅನುಸೂಚಿಯಂತೆ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಶಿಕ್ಷಕರು. ಅಂದರೆ 60 ಮತ್ತು 61ರ ನಡುವೆ ಒಬ್ಬ ಶಿಕ್ಷಕರ ಅಂತರವಿದೆ. ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ಪಟ್ಟಿಯಾದ ಎಸ್‌ಎಟಿಎಸ್‌ನಲ್ಲಿ ಒಂದು ಮಗುವಿನ ಹೆಸರು ಏರಿಸದೆ ಬಿಟ್ಟರೆ ಕೇಳುವ ಹಕ್ಕೇ ಕೈತಪ್ಪಬಹುದು. ಆದ್ದರಿಂದ ಹಾಜರಿ ಪುಸ್ತಕವನ್ನೂ ಆನ್‌ಲೈನ್ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದ ಮೇಲೇ ನಿರ್ಣಯ ಬರೆಸುತ್ತೇನೆ.

ಕೊಠಡಿಯ ವಿಷಯದಲ್ಲಿ ಶಾಸಕರನ್ನು ಬಿಟ್ಟು ನಡೆಯುವುದು ಕಷ್ಟ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ರೂಪಾಯಿ. ಅದರ ಮೇಲೆ ದೇವಸ್ಥಾನ, ಸಮುದಾಯ ಭವನ, ರಸ್ತೆ ಎಲ್ಲದರ ಕಣ್ಣೂ ಇರುತ್ತದೆ. ಹಬ್ಬದ ವೇದಿಕೆಯಲ್ಲಿ ಸಿಕ್ಕ ಮಾತು ಮಾತಾಗಿಯೇ ಉಳಿಯುತ್ತದೆ. ಕ್ರಮ ಹೀಗಿರಲಿ: ನಡಾವಳಿ ಪುಸ್ತಕದಲ್ಲಿ ನಿರ್ಣಯ, ಜಾಗ ಶಾಲೆಯ ಹೆಸರಿಗಿರುವ ದಾಖಲೆ, ಎಂಜಿನಿಯರ್ ಅಂದಾಜುಪಟ್ಟಿ, ಆಮೇಲೆ ಶಾಸಕರ ಶಿಫಾರಸು ಪತ್ರ, ಅದು ಜಿಲ್ಲಾಧಿಕಾರಿ ಕಚೇರಿಗೆ. ಕೆಲಸ ನಿಲ್ಲುವುದು ಹೆಚ್ಚಾಗಿ ಎರಡನೆಯದರಲ್ಲಿ. ಯಾವುದೋ ಕಾಲದಲ್ಲಿ ಬಾಯಿಮಾತಿನಲ್ಲಿ ದಾನ ಬಂದ ಜಾಗ, ಖಾತೆ ಇನ್ನೂ ದಾನಿಯ ಮೊಮ್ಮಕ್ಕಳ ಹೆಸರಲ್ಲಿ. ಅದನ್ನು ಸರಿಮಾಡದೆ ಗುದ್ದಲಿ ಪೂಜೆ ಮಾಡಿಸಿದರೆ ಫೋಟೋ ಮಾತ್ರ ಉಳಿದೀತು. ಪೂಜೆಗೆ ಶಾಸಕರೇ ಬರಲಿ, ಹಾರವೂ ಅವರಿಗೇ ಬೀಳಲಿ. ಅದರಲ್ಲಿ ನನಗೆ ಬಿಗುಮಾನವಿಲ್ಲ. ಅಂದಾಜುಪಟ್ಟಿಯ ಪ್ರತಿ ಮಾತ್ರ ಸಮಿತಿಯ ಕೈಯಲ್ಲಿರಬೇಕು. ಇಲ್ಲವಾದರೆ ಪಾಯದ ಆಳ ಎಷ್ಟಿರಬೇಕಿತ್ತು ಎಂದು ಕೇಳುವವರೇ ಇರುವುದಿಲ್ಲ.

(ಪಿಯು ಕಾಲೇಜಿನಲ್ಲಿ ಈ ಆಟವೇ ಬೇರೆ. 2014ರ ಜನವರಿ 31ರ ಸುತ್ತೋಲೆಯಂತೆ ಸರ್ಕಾರಿ ಪಿಯು ಕಾಲೇಜು ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. 2022ರ ಹಿಜಾಬ್ ಪ್ರಕರಣದಲ್ಲಿ ಹೈಕೋರ್ಟ್ ಮುಂದೆ ಇದೂ ಪ್ರಶ್ನೆಯಾಯಿತು. ಅಲ್ಲಿ ಬೇಡುವವರೂ ಕೊಡುವವರೂ ಒಂದೇ ಕುರ್ಚಿಯಲ್ಲಿ ಕೂತಿರುತ್ತಾರೆ.)

ಕೊನೆಯದಾಗಿ ಎಸ್‌ಡಿಎಂಸಿಯ ಜಂಟಿ ಬ್ಯಾಂಕ್ ಖಾತೆ. ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರು ಇಬ್ಬರ ಸಹಿಯೂ ಬೇಕು. ‘ಪದೇಪದೇ ಕರೆಯುವುದು ಬೇಡ’ ಎಂದು ಅಧ್ಯಕ್ಷರಿಂದ ಖಾಲಿ ಚೆಕ್‌ಗಳಿಗೆ ಒಟ್ಟಿಗೇ ಸಹಿ ಹಾಕಿಸಿಕೊಳ್ಳುವ ರೂಢಿ ಅನೇಕ ಕಡೆ ಇದೆ. ಚೆಕ್‌ನ ಮೊತ್ತ, ಬಿಲ್ ನಂಬರ್, ನಿರ್ಣಯದ ತಾರೀಕು ಮೂರೂ ಒಂದೇ ಪುಟದಲ್ಲಿ ಬರೆದ ಮೇಲೇ ಸಹಿ. ಅಧ್ಯಕ್ಷರು ಬದಲಾದರೆ ನಿರ್ಣಯದ ನಕಲನ್ನು ಅದೇ ವಾರ ಬ್ಯಾಂಕಿಗೆ ಕೊಡಬೇಕು. ತಡವಾದರೆ ಹಳೆಯ ಅಧ್ಯಕ್ಷರ ಸಹಿಯೇ ನಡೆಯುತ್ತಿರುತ್ತದೆ.