ಅಗ್ನಿವೀರನಾಗುವ ಮುನ್ನ: ಆಯ್ಕೆ, ತರಬೇತಿ ಮತ್ತು ಸಂಬಳದ ಲೆಕ್ಕ

ಭೂಸೇನೆಗೆ ಸಿಪಾಯಿಯಾಗಿ ಸೇರಬಯಸುವವರು 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಡಿ ಅಗ್ನಿವೀರರಾಗಿಯೇ ಸೇರಬೇಕು. ಸೇವಾವಧಿ ನಾಲ್ಕು ವರ್ಷ. ತರಬೇತಿಯೂ ಅದರಲ್ಲೇ ಸೇರಿದೆ.

ಸೇನೆಯ ನೇಮಕಾತಿ ಜಾಲತಾಣದಲ್ಲಿ ಅರ್ಜಿ ತುಂಬುವ ಮೊದಲು ಆಧಾರ್ ಮತ್ತು ಹತ್ತನೇ ತರಗತಿಯ ಅಂಕಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ದು, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಇರುವುದು ಸಾಮಾನ್ಯ; ಇದನ್ನು ದೈಹಿಕ ಪರೀಕ್ಷೆ ನಡೆಯುವ ರ್‍ಯಾಲಿಯ ದಿನ ಸರಿಪಡಿಸಲಾಗದು, ಮೊದಲೇ ತಿದ್ದಿಸಿಕೊಳ್ಳಬೇಕು. ಜನರಲ್ ಡ್ಯೂಟಿ (ಸಾಮಾನ್ಯ ಸೈನಿಕ) ಹುದ್ದೆಗೆ ಹತ್ತನೇ ತರಗತಿಯಲ್ಲಿ ಒಟ್ಟು ಶೇ. 45, ಪ್ರತಿ ವಿಷಯದಲ್ಲಿ ಶೇ. 33 ಅಂಕ ಬೇಕು. ಮೊದಲು ಕಂಪ್ಯೂಟರ್‌ನಲ್ಲಿ ಲಿಖಿತ ಪರೀಕ್ಷೆ ನಡೆಯುತ್ತದೆ. ಅದನ್ನು ಈಗ ಕನ್ನಡದಲ್ಲೂ ಬರೆಯಬಹುದು. ಅದರಲ್ಲಿ ಆಯ್ಕೆಯಾದವರನ್ನಷ್ಟೇ ರ್‍ಯಾಲಿಗೆ ಕರೆಯುತ್ತಾರೆ. ಅಲ್ಲಿ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ಣ 60 ಅಂಕ, ಹತ್ತು ಪುಲ್‌ಅಪ್‌ಗೆ 40 ಅಂಕ. ಹೆಚ್ಚಿನವರು ಓಟವನ್ನಷ್ಟೇ ಅಭ್ಯಾಸ ಮಾಡುತ್ತಾರೆ. ಆದರೆ ಓಡಿ ದಣಿದ ತೋಳುಗಳಿಂದಲೇ ಕಂಬಿಗೆ ಜೋತುಬೀಳಬೇಕಾಗುವುದರಿಂದ ಎರಡನ್ನೂ ಒಂದರ ಹಿಂದೆ ಒಂದರಂತೆ ಅಭ್ಯಾಸ ಮಾಡುವುದು ಜಾಣತನ.

ಆಯ್ಕೆಯಾದವರನ್ನು ಅವರಿಗೆ ಗೊತ್ತುಮಾಡಿದ ರೆಜಿಮೆಂಟಿನ ಕೇಂದ್ರಕ್ಕೆ ಕಳುಹಿಸುತ್ತಾರೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರವೂ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರವೂ ಅಂಥವು. ಪದಾತಿ ದಳದ ತರಬೇತಿ 31 ವಾರಗಳದ್ದು. ಮೊದಲ ವಾರಗಳು ಪಿ.ಟಿ., ಡ್ರಿಲ್, ರೈಫಲ್ ಬಿಚ್ಚಿ ಜೋಡಿಸುವುದು, ಗುರಿ ಹೊಡೆಯುವುದು ಇವುಗಳಲ್ಲಿ ಕಳೆಯುತ್ತವೆ. ಆಮೇಲೆ ನಕ್ಷೆ ಓದುವುದು, ರಾತ್ರಿ ನಡಿಗೆ, ಯುದ್ಧತಂತ್ರ ಮೊದಲಾದವು ಬರುತ್ತವೆ. ಕಲಿಸುವವರನ್ನು ಅಲ್ಲಿ ‘ಉಸ್ತಾದ್’ ಎಂದು ಕರೆಯುತ್ತಾರೆ. ಅವರ ಆಜ್ಞೆಗಳೆಲ್ಲ ಹಿಂದಿಯಲ್ಲಿರುವುದರಿಂದ ಆಡುಮಾತಿನ ಹಿಂದಿಯನ್ನು ಮೊದಲೇ ಸ್ವಲ್ಪ ರೂಢಿಸಿಕೊಂಡವರಿಗೆ ಆರಂಭದ ದಿನಗಳು ಹಗುರವಾಗುತ್ತವೆ.

ಸಂಬಳದ ವಿಷಯದಲ್ಲಿ ಮನೆಯವರು ಎಡವುವುದೇ ಹೆಚ್ಚು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಎಂಬುದು ನಿಜವಾದರೂ ಅದರಲ್ಲಿ ಶೇ. 30ರಷ್ಟನ್ನು ಸೇವೆ ಮುಗಿದಾಗ ಕೊಡುವ ಸೇವಾ ನಿಧಿಗೆ ಹಿಡಿದುಕೊಳ್ಳುವುದರಿಂದ ಕೈಗೆ ಬರುವುದು 21,000 ರೂಪಾಯಿ. ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000 ರೂಪಾಯಿ. ಕೊನೆಯ ವರ್ಷ ಕೈಗೆ ಸಿಗುವುದು 28,000. ಕಷ್ಟದ ನೆಲೆಗಳಲ್ಲಿ ನಿಯೋಜನೆಯಾದರೆ ಅದರ ಭತ್ಯೆ ಬೇರೆ. ಹೀಗೆ ಕಡಿತವಾದ ಒಟ್ಟು 5.02 ಲಕ್ಷಕ್ಕೆ ಸರ್ಕಾರವೂ ಅಷ್ಟೇ ಮೊತ್ತವನ್ನು ಸೇರಿಸಿ, ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೆ ಬಡ್ಡಿಸಮೇತ ಕೊಡುತ್ತದೆ. ಇದಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಪಿಂಚಣಿಯೂ ಗ್ರಾಚ್ಯುಟಿಯೂ ಇಲ್ಲ, ಆದ್ದರಿಂದ ಮನೆ ಕಟ್ಟುವ ಸಾಲವನ್ನು ಈ ಸಂಬಳದ ಬಲದ ಮೇಲೆ ದೀರ್ಘಾವಧಿಗೆ ತೆಗೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ನಡುವೆ ಸ್ವಂತ ಇಚ್ಛೆಯಿಂದ ಬಿಟ್ಟು ಬಂದರೆ ತಮ್ಮ ಪಾಲು ಮತ್ತು ಬಡ್ಡಿ ಮಾತ್ರ ಸಿಗುತ್ತದೆ, ಸರ್ಕಾರದ ಪಾಲು ಸಿಗದು. ಕಾಯಂ ಸೇವೆಗೆ ಆಯ್ಕೆಯಾಗುವ ಗರಿಷ್ಠ ಶೇ. 25ರಷ್ಟು ಮಂದಿಗೂ ನಿಧಿಯಿಂದ ಬರುವುದು ತಮ್ಮ ಪಾಲು ಮತ್ತು ಬಡ್ಡಿಯಷ್ಟೇ. ಅವರಿಗೆ ಮುಂದೆ ಸೈನಿಕರ ಎಂದಿನ ವೇತನಶ್ರೇಣಿ ಅನ್ವಯಿಸುತ್ತದೆ. ಸೇವಾವಧಿಯಲ್ಲಿ 48 ಲಕ್ಷ ರೂಪಾಯಿಯ ಜೀವವಿಮೆ ಇದ್ದು, ಅದರ ಕಂತನ್ನು ಸಂಬಳದಿಂದ ಕಡಿಯುವುದಿಲ್ಲ. ನಾಮಿನಿಯ ಹೆಸರನ್ನು ಮಾತ್ರ ದಾಖಲೆಗಳಲ್ಲಿರುವಂತೆಯೇ ಬರೆಸಬೇಕು.